ಇಬ್ಬರಿಗೂ ಆಯ್ತು ಎಂದವರು

ಬೆಳಗ್ಗೆ ಏಳೂವರೆಗೆಲ್ಲ ಅಧ್ಯಕ್ಷರ ಮನೆಯ ವರಾಂಡ ತುಂಬಿಹೋಗುತ್ತಿತ್ತು. ಇದ್ದ ಪ್ಲಾಸ್ಟಿಕ್ ಕುರ್ಚಿಗಳು ಹದಿನಾರು, ಬರುವವರು ಮೂವತ್ತಕ್ಕೆ ಕಡಿಮೆಯಿಲ್ಲ. ಉಳಿದವರು ಮೆಟ್ಟಿಲ ಮೇಲೆ ಕೂತು, ಇಲ್ಲವೇ ಕಾಂಪೌಂಡ್ ಗೋಡೆಗೆ ಒರಗಿ, ಮಡಿಸಿದ ಅರ್ಜಿ ಹಿಡಿದುಕೊಂಡು ಕಾಯುತ್ತಿದ್ದರು. ಅಧ್ಯಕ್ಷರು ಒದ್ದೆ ತಲೆ ಒರೆಸಿಕೊಳ್ಳುತ್ತ ಹೊರಗೆ ಬಂದು, ಟವೆಲನ್ನು ಹೆಗಲಿಗೆ ಹಾಕಿ, ಮೊದಲ ಕುರ್ಚಿಯಿಂದ ಶುರುಮಾಡಿದರೆ ಒಂಬತ್ತರ ಹೊತ್ತಿಗೆ ಕೊನೆಯ ಮೆಟ್ಟಿಲಿಗೆ ಬರುತ್ತಿದ್ದರು. ಒಬ್ಬರನ್ನೂ ಬರಿಗೈಯಲ್ಲಿ ಕಳಿಸಿದವರಲ್ಲ. ಎಲ್ಲರ ಕೈಯನ್ನೂ ತಮ್ಮ ಎರಡು ಕೈಗಳಲ್ಲಿ ಹಿಡಿದು, ಕೊನೆತನಕ ಕೇಳಿ, ಆಮೇಲೆ ಒಂದೇ ಮಾತು ಹೇಳುತ್ತಿದ್ದರು: "ಆಯ್ತು."

ಊರಿನವರು ಅವರಿಗೆ ಆಯ್ತಣ್ಣ ಅಂತಲೇ ಹೆಸರಿಟ್ಟಿದ್ದರು. ಆವತ್ತು ಬೆಳಗ್ಗೆಯೂ ಒಬ್ಬ ಬಂದು, ಪಕ್ಕದ ಗ್ಯಾರೇಜಿನ ಗಲಾಟೆಗೆ ತಲೆ ಚಿಟ್ಟುಹಿಡಿದಿದೆ, ಅದನ್ನು ಮುಚ್ಚಿಸಿಕೊಡಿ ಅಂದ. ಆಯ್ತು ಅಂದರು. ನಾಲ್ಕು ಕುರ್ಚಿ ದಾಟಿದ ಮೇಲೆ ಅದೇ ಗ್ಯಾರೇಜಿನವನು ಕೂತಿದ್ದ, ಪರವಾನಗಿ ಇನ್ನೈದು ವರ್ಷ ಮುಂದುವರಿಸಿಕೊಡಿ ಅಂದ. ಅವನಿಗೂ ಆಯ್ತು. ಇಬ್ಬರೂ ನಗುನಗುತ್ತ ಹೋದರು. ಗ್ಯಾರೇಜು ಇದ್ದ ಹಾಗೇ ಇರುತ್ತದೆ, ಗಲಾಟೆಯೂ ಇದ್ದ ಹಾಗೇ ಇರುತ್ತದೆ, ಆದರೆ ಎರಡು ಮನೆಯ ಮತಗಳು ಎಲ್ಲಿಗೂ ಹೋಗುವುದಿಲ್ಲ. ಇದು ಆಯ್ತಣ್ಣನವರು ಮೂವತ್ತು ವರ್ಷ ಓದಿ ಕಲಿತ ವಿದ್ಯೆ.

ಈ ವಿದ್ಯೆಯಿಂದಲೇ ಅವರು ವಾರ್ಡ್ ಸದಸ್ಯರಾದರು, ಎರಡು ಸಲ ಶಾಸಕರಾದರು, ಹದಿನೆಂಟು ತಿಂಗಳು ಉಪಮಂತ್ರಿಯೂ ಆದರು. ಮೂರನೆಯ ಸಲ ಮುನ್ನೂರ ಚಿಲ್ಲರೆ ಮತಗಳಲ್ಲಿ ಸೋತಾಗ ಪಕ್ಷ ಕೈಬಿಡಲಿಲ್ಲ, ರಾಜ್ಯದ ಮೋಟಾರು ವಾಹನ ಮಂಡಳಿಯ ಅಧ್ಯಕ್ಷರನ್ನಾಗಿ ಕೂರಿಸಿತು. ಲೈಸೆನ್ಸು, ಪರ್ಮಿಟ್ಟು, ಬಸ್ಸು ಲಾರಿಗಳ ತಪಾಸಣೆ ಎಲ್ಲವೂ ಆ ಮಂಡಳಿಯ ಕೈಯಲ್ಲಿ. ಸೋತವರ ಬಾಯಿಗೆ ಇಟ್ಟ ಸಕ್ಕರೆ ಎಂದು ಎದುರಾಳಿಗಳು ಆಡಿಕೊಂಡರು. ಆಡಿಕೊಂಡವರಿಗೆ ಗೊತ್ತಿರಲಿಲ್ಲ, ಲೈಸೆನ್ಸ್ ಬೇಡದ ಮನೆ ಯಾವುದಿದೆ? ಮೂರು ವರ್ಷಗಳಲ್ಲಿ ಆಯ್ತಣ್ಣನವರ ವರಾಂಡ ಮಂತ್ರಿಯಾಗಿದ್ದಾಗಲೂ ತುಂಬದಷ್ಟು ತುಂಬಿತು. ಬರುವ ಚುನಾವಣೆಗೆ ಟಿಕೆಟ್ ಅವರಿಗೇ ಎಂಬ ಮಾತು ಪಕ್ಷದ ಕಚೇರಿಯಲ್ಲಿ ಓಡಾಡುತ್ತಿತ್ತು.

ಹನ್ನೊಂದನೆಯ ಕುರ್ಚಿಯ ಮುಂದೆ ಇದ್ದಾಗ ಪಿ.ಎ. ಒಳಗಿನಿಂದ ಬಂದು ಕಿವಿಯ ಹತ್ತಿರ ಬಗ್ಗಿದ.

"ಸಾರ್, ದೊಡ್ಡಾಸ್ಪತ್ರೆ ಮುಂದಿನ ಬಸ್ ಸ್ಟಾಪಿಗೆ ಒಂದು ಖಾಸಗಿ ಬಸ್ ನುಗ್ಗಿದೆ. ಮೂರು ಜನ ಸ್ಥಳದಲ್ಲೇ ಹೋಗಿದಾರೆ."

"ಅಯ್ಯೋ ಪಾಪ. ಯಾರ ಬಸ್ಸು?"

ಪಿ.ಎ. ಸುತ್ತ ನೋಡಿ ದನಿ ಇನ್ನಷ್ಟು ತಗ್ಗಿಸಿದ. "ಬಸ್ಸು ಯಾರದ್ದಾದ್ರೂ ಇರಲಿ ಸಾರ್. ಓಡಿಸ್ತಿದ್ದವನು ಜೀಪಣ್ಣ."

ಅಧ್ಯಕ್ಷರ ಕೈಯಲ್ಲಿ ಒಬ್ಬ ಮುದುಕಿಯ ಕೈ ಇತ್ತು. ಆಕೆ ಪಿಂಚಣಿಯ ವಿಷಯ ಹೇಳುತ್ತಲೇ ಇದ್ದಳು. ಅವರಿಗೆ ಒಂದು ಮಾತೂ ಕೇಳಿಸಲಿಲ್ಲ. ಅಭ್ಯಾಸಬಲದಿಂದ ಆಯ್ತು ಅಂದು, ಎದ್ದು ಒಳಗೆ ಹೋಗಿ ಹಾಸಿಗೆಯ ಅಂಚಿನಲ್ಲಿ ಕೂತುಬಿಟ್ಟರು.

ಜೀಪಣ್ಣ ಎರಡು ಚುನಾವಣೆಗಳಲ್ಲಿ ಅವರ ಪ್ರಚಾರದ ಜೀಪು ಓಡಿಸಿದವನು. ನಿದ್ದೆಯಿಲ್ಲ ಊಟವಿಲ್ಲ ಎಂದು ಒಂದು ದಿನ ಗೊಣಗಿದವನಲ್ಲ. ಆಮೇಲೆ ಬಸ್ಸಿಗೆ ಸೇರಿಕೊಂಡ. ಕಳೆದ ವರ್ಷ ಡಿಪೋದಲ್ಲಿ ಚಹಾ ಕುಡಿಯುತ್ತ ನಿಂತಿದ್ದವನು ಧೊಪ್ಪನೆ ಬಿದ್ದು ಕೈಕಾಲು ಸೆಟೆದುಕೊಂಡ. ಡಾಕ್ಟರು ಫಿಟ್ಸ್ ಅಂದರು. ವಾಹನ ಇನ್‌ಸ್ಪೆಕ್ಟರ್ ಒಬ್ಬ ಹೆಂಗಸು, ಕೆಲಸದಲ್ಲಿ ಬಿಗಿ. ಒಂದು ವರ್ಷ ಫಿಟ್ಸ್ ಬರಲಿಲ್ಲ ಎಂದು ಡಾಕ್ಟರಿಂದ ಬರೆಸಿಕೊಂಡು ಬಾ, ಅಲ್ಲಿಯವರೆಗೆ ಸ್ಟೇರಿಂಗ್ ಮುಟ್ಟಬೇಡ ಎಂದು ಲೈಸೆನ್ಸ್ ತಡೆಹಿಡಿದಳು.

ಎಂಟು ತಿಂಗಳ ಹಿಂದೆ ಜೀಪಣ್ಣ ಇದೇ ವರಾಂಡಕ್ಕೆ ಬಂದಿದ್ದ. "ಅಣ್ಣಾ, ಬೇರೆ ಕೆಲಸ ನನಗೆ ಗೊತ್ತಿಲ್ಲ. ಮಾತ್ರೆ ತಗೋತಿದೀನಿ, ಈಗ ಕಲ್ಲುಗುಂಡಿನ ಥರ ಇದೀನಿ. ಒಂದು ಮಾತು ಹೇಳಿ," ಅಂದ. ಅಧ್ಯಕ್ಷರು ಅವನ ಬೆನ್ನು ತಟ್ಟಿ ಆಯ್ತು ಅಂದರು.

ಮಾರನೆಯ ದಿನ ಅವನ ಹೆಂಡತಿ ಬಂದಳು. ವರಾಂಡಕ್ಕೆ ಬರಲಿಲ್ಲ, ಹಿತ್ತಿಲ ಬಾಗಿಲಿಗೆ ಬಂದು, ಅಧ್ಯಕ್ಷರ ಹೆಂಡತಿಯ ಕೈಲಿ ಅವರನ್ನು ಕರೆಸಿಕೊಂಡು, ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಮಾತಾಡಿದಳು.

"ಅಣ್ಣಾ, ನಾನು ಬಂದಿದ್ದು ಅವರಿಗೆ ಗೊತ್ತಾಗಬಾರದು. ಅವರಿಗೆ ಲೈಸೆನ್ಸ್ ಕೊಡಿಸಬೇಡಿ. ಹೋದ ವಾರ ಬಚ್ಚಲಲ್ಲಿ ಬಿದ್ದಿದ್ರು, ಡಾಕ್ಟರಿಗೂ ಹೇಳಿಲ್ಲ. ಮಾತ್ರೆ ತಗೊಂಡ್ರೆ ತೂಕಡಿಕೆ ಬರುತ್ತೆ ಅಂತ ಎಸೀತಾರೆ. ಡಿಪೋದಲ್ಲೇ ಬಸ್ ತೊಳೆಯೋದೋ, ಗೇಟ್ ಕಾಯೋದೋ ಏನಾದ್ರೂ ಕೊಡಿಸಿ. ನಿಮ್ಮ ಮಾತು ಅವರು ತೆಗೆದುಹಾಕಲ್ಲ."

ಅಧ್ಯಕ್ಷರು ಆಕೆಗೂ ಆಯ್ತಮ್ಮ ಅಂದರು.

ಇಬ್ಬರಿಗೂ ಮಾತು ಕೊಟ್ಟಾಯಿತು. ಎಲ್ಲಾ ಸಲವೂ ಹೀಗೆ ಕೊಟ್ಟ ಎರಡು ಮಾತುಗಳು ಒಂದಕ್ಕೊಂದು ಡಿಕ್ಕಿ ಹೊಡೆದು ತಾವೇ ಬಿದ್ದುಹೋಗುತ್ತಿದ್ದವು, ಯಾವ ಕೆಲಸವೂ ಆಗುತ್ತಿರಲಿಲ್ಲ. ಈ ಸಲ ಜೀಪಣ್ಣ ಬಿಡಲಿಲ್ಲ, ದಿನಾ ಬಂದು ಮೆಟ್ಟಿಲ ಮೇಲೆ ಕೂತ. ಅವನಿಗೆ ಡಿಪೋದಲ್ಲಿ ಬೇರೆ ಕೆಲಸ ಕೊಡಿಸಬೇಕೆಂದರೆ ಬಸ್ ಮಾಲೀಕನನ್ನು ಕೇಳಬೇಕು. ಮಾಲೀಕ ಎದುರಾಳಿ ಪಕ್ಷದವನ ಷಡ್ಡಕ. ಅಂಥವನ ಮುಂದೆ ಕೈಚಾಚುವುದು ಅಧ್ಯಕ್ಷರಿಗೆ ಆಗದ ಮಾತು. ಲೈಸೆನ್ಸಿಗಾದರೆ ಒಂದು ಫೋನ್ ಸಾಕು.

"ಏನಮ್ಮಾ, ನಮ್ಮ ಹುಡುಗನ ಫೈಲು ನಿಮ್ಮ ಮೇಜಿನ ಮೇಲೆ ಕೂತಿದೆಯಂತೆ. ಸ್ವಲ್ಪ ನೋಡ್ಕೊಳ್ಳಿ," ಎಂದು ಇನ್‌ಸ್ಪೆಕ್ಟರಿಗೆ ಹೇಳಿದರು.

"ಸರ್, ಅವರಿಗೆ ಫಿಟ್ಸ್ ಇದೆ. ಇನ್ನೂ ಒಂದು ವರ್ಷ ಆಗಿಲ್ಲ."

"ಮಾತ್ರೆ ತಗೋತಿದಾನಮ್ಮ. ನಾನು ಹೇಳ್ತಿದೀನಲ್ಲ, ನೋಡ್ಕೊಳ್ಳಿ."

ಗದರಲಿಲ್ಲ, ಹೆದರಿಸಲಿಲ್ಲ. ಅದರ ಅಗತ್ಯವೇ ಇರಲಿಲ್ಲ. ಆಕೆಗೆ ಆಗಲೇ ಮೂರು ಸಲ ಎತ್ತಂಗಡಿಯಾಗಿತ್ತು, ಮಕ್ಕಳು ಇಲ್ಲೇ ಶಾಲೆಯಲ್ಲಿ ಓದುತ್ತಿದ್ದರು. ಎರಡು ದಿನದಲ್ಲಿ ಲೈಸೆನ್ಸ್ ಜೀಪಣ್ಣನ ಕೈ ಸೇರಿತು.

ಅಪಘಾತದಲ್ಲಿ ಸತ್ತವರು ಪಾಳಿ ಮುಗಿಸಿ ಮನೆಗೆ ಹೊರಟಿದ್ದ ಒಬ್ಬ ನರ್ಸು, ಕಣ್ಣು ತೋರಿಸಲು ಬಂದಿದ್ದ ಒಬ್ಬ ಮುದಿ ಟೈಲರು, ಕಾಲೇಜಿಗೆ ಹೋಗುವ ಒಬ್ಬಳು ಹುಡುಗಿ. ಅಧ್ಯಕ್ಷರು ಮೂರೂ ಮನೆಗೆ ಹೋದರು. ಹೋಗದಿದ್ದರೆ ಜನ ಏನೆಂದಾರು? ನರ್ಸಿನ ತಾಯಿ ಎರಡು ಕೋಣೆಯ ಮನೆಯಲ್ಲಿ, ಮಗಳ ಇಸ್ತ್ರಿ ಮಾಡಿದ ಸಮವಸ್ತ್ರ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವರನ್ನು ಕಂಡದ್ದೇ ಕೈ ಹಿಡಿದುಕೊಂಡಳು.

"ನೀವು ದೊಡ್ಡವರು, ನಿಮ್ಮ ಕೈಲಿ ಆಗುತ್ತೆ. ಅಂಥ ರೋಗಿಷ್ಟನಿಗೆ ಲೈಸೆನ್ಸ್ ಕೊಟ್ಟವರು ಯಾರು ಅಂತ ಹುಡುಕಿಸಿ. ಅವರನ್ನ ಸುಮ್ಮನೆ ಬಿಡಬೇಡಿ."

"ಆಯ್ತಮ್ಮ," ಅಂದರು ಅಧ್ಯಕ್ಷರು.

ಕಾರಿಗೆ ಬಂದು ಕೂತಾಗ ಅವರಿಗೆ ತಮ್ಮ ಬಾಯಿಯ ಮೇಲೆಯೇ ಅಸಹ್ಯ ಹುಟ್ಟಿತು. ಬಾಟಲಿಯ ನೀರಿನಿಂದ ಬಾಯಿ ಮುಕ್ಕಳಿಸಿ ಕಿಟಕಿಯಿಂದ ಉಗುಳಿದರು. ಪಿ.ಎ. ನೋಡಿಯೂ ನೋಡದವನಂತೆ ಮುಖ ತಿರುಗಿಸಿಕೊಂಡ.

ಸರ್ಕಾರ ನಿವೃತ್ತ ನ್ಯಾಯಾಧೀಶರೊಬ್ಬರಿಂದ ವಿಚಾರಣೆ ನಡೆಸುವುದಾಗಿ ಹೇಳಿತು. ಇನ್‌ಸ್ಪೆಕ್ಟರನ್ನು ಅಮಾನತು ಮಾಡಿತು. ಪಕ್ಷದ ಹಿರಿಯರು ಫೋನ್ ಮಾಡಿ, "ಟಿಕೆಟ್ ಪಟ್ಟಿ ಹತ್ತು ದಿನದಲ್ಲಿ ಬರುತ್ತೆ. ಅಲ್ಲಿತನಕ ಬಾಯಿಗೆ ಬೀಗ ಹಾಕ್ಕೊಂಡಿರು," ಅಂದರು. ಪಿ.ಎ. ಅಂತೂ ಎಲ್ಲವನ್ನೂ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಿಡಿಸಿಟ್ಟ.

"ಸಹಿ ನಿಮ್ಮದಲ್ಲ, ಬರಹ ನಿಮ್ಮದಲ್ಲ. ಇರೋದು ಒಂದು ಫೋನ್ ಕರೆ. ದಿನಕ್ಕೆ ನೂರು ಫೋನ್ ಮಾಡ್ತೀವಿ ಸಾರ್, ಯಾರ ಹತ್ರ ಏನು ಮಾತಾಡಿದ್ವಿ ಅಂತ ಯಾರಿಗೆ ನೆನಪಿರುತ್ತೆ? ನೆನಪಿಲ್ಲ ಅಂದ್ರೆ ಮುಗೀತು."

"ಆ ಹೆಣ್ಣುಮಗಳ ಗತಿ?"

"ಅವರೇನು ಎಳೆ ಮಗುವಾ ಸಾರ್? ಓದಿದವರು, ಸಹಿ ಹಾಕೋವಾಗ ಯೋಚನೆ ಮಾಡಬೇಕಿತ್ತು."

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಆದ್ದರಿಂದಲೇ ಅದು ಅಧ್ಯಕ್ಷರಿಗೆ ಹಿತವಾಗಿಯೂ ಕೇಳಿಸಿತು.

ಮಾರನೆಯ ದಿನ ಇನ್‌ಸ್ಪೆಕ್ಟರ್ ತಾನೇ ಬಂದಳು. ಸಮವಸ್ತ್ರವಿಲ್ಲದೆ, ಒಂಬತ್ತನೆಯ ಕುರ್ಚಿಯಲ್ಲಿ, ಅರ್ಜಿದಾರರ ನಡುವೆ ತನ್ನ ಸರದಿ ಬರುವವರೆಗೂ ಕಾದಳು. ಅವರು ಬಂದಾಗ ಎದ್ದು ನಿಂತಳು. ಕೈ ಮುಂದೆ ಮಾಡಲಿಲ್ಲ.

"ಸರ್, ನನ್ನನ್ನ ಉಳಿಸಿ ಅಂತ ಕೇಳೋಕೆ ಬಂದಿಲ್ಲ. ಲೈಸೆನ್ಸ್ ಕೊಡಬಹುದು ಅಂತ ಬರೆದಿದ್ದು ನಾನು, ಬರೀಬಾರದಿತ್ತು. ಮಕ್ಕಳನ್ನ ಮತ್ತೆ ಶಾಲೆ ಬಿಡಿಸಬೇಕಾಗುತ್ತಲ್ಲ ಅಂತ ಹೆದರಿ ಬರೆದೆ. ಅದಕ್ಕೆ ಶಿಕ್ಷೆ ಆದ್ರೆ ಆಗಲಿ. ಆದ್ರೆ ನಾನೊಬ್ಬಳೇ ತಾನಾಗಿ ಬರೆದೆ ಅಂತ ಆಗಬಾರದು. ನೀವು ಫೋನ್ ಮಾಡಿ ಏನು ಹೇಳಿದ್ರಿ ಅಂತ ವಿಚಾರಣೇಲಿ ಹೇಳ್ತೀರಾ?"

"ಆಯ್ತಮ್ಮ. ನೋಡೋಣ."

"ಸರ್, ಆಯ್ತು ಬೇಡ. ಹೇಳ್ತೀರೋ, ಹೇಳಲ್ವೋ?"

ಅಕ್ಕಪಕ್ಕದವರು ಕತ್ತೆತ್ತಿ ನೋಡಿದರು. ಅಷ್ಟು ವರ್ಷಗಳಲ್ಲಿ ಆ ವರಾಂಡದಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ಅಧ್ಯಕ್ಷರು ಮುಂದಿನ ಕುರ್ಚಿಯವನ ಕೈ ಹಿಡಿದುಕೊಂಡು, ಏನಪ್ಪಾ ನಿಂದು, ಅಂದರು. ಆಕೆ ಒಂದು ಗಳಿಗೆ ನಿಂತಿದ್ದು ಹೊರಟುಹೋದಳು.

ಜೀಪಣ್ಣ ಪೊಲೀಸ್ ಕಾವಲಿನಲ್ಲಿ ಆಸ್ಪತ್ರೆಯಲ್ಲಿದ್ದ. ಪಕ್ಕೆಲುಬು ಮುರಿದಿತ್ತು, ಒಂದು ಕೈಗೆ ಪಟ್ಟಿ ಬಿಗಿದಿತ್ತು. ಅಪಘಾತದ ಒಂದು ಕ್ಷಣವೂ ಅವನಿಗೆ ನೆನಪಿರಲಿಲ್ಲ. ಸಿಗ್ನಲ್ ದಾಟಿದ್ದು ಗೊತ್ತು, ಆಮೇಲೆ ಕಣ್ಣು ಬಿಟ್ಟಾಗ ಯಾರೋ ಕಿರುಚುತ್ತಿದ್ದರು, ಅಷ್ಟೇ. ಅಧ್ಯಕ್ಷರನ್ನು ನೋಡಿ ಏಳಲು ಹೋದ.

"ಅಣ್ಣಾ, ನೀವು ಚಿಂತೆ ಮಾಡಬೇಡಿ. ಕಾಯಿಲೆ ವಾಸಿಯಾಗಿದೆ ಅಂತ ನಾನೇ ಎಲ್ಲರಿಗೂ ಸುಳ್ಳು ಹೇಳಿದೆ ಅಂತೀನಿ. ನಿಮ್ಮ ಹೆಸರು ನನ್ನ ಬಾಯಿಂದ ಬರಲ್ಲ."

ಅಧ್ಯಕ್ಷರು ಅವನ ಸರಿಯಿದ್ದ ಕೈಯನ್ನು ಸವರಿದರು. ಆ ಕ್ಷಣಕ್ಕೆ ಅವರಿಗೆ ಎದೆ ಹಗುರಾಯಿತು. ಹಗುರಾಯಿತಲ್ಲ ಎಂದು ನಾಚಿಕೆಯೂ ಆಯಿತು.

ಹೊರಗೆ ಬೆಂಚಿನ ಮೇಲೆ ಅವನ ಹೆಂಡತಿ ಕೂತಿದ್ದಳು. ತಲೆ ಬಾಚಿರಲಿಲ್ಲ. ಚಪ್ಪಲಿಗಳನ್ನು ಬೆಂಚಿನ ಕೆಳಗೆ ಬಿಟ್ಟು, ಕಾಲು ಮೇಲೆ ಮಡಿಸಿಕೊಂಡು ಮುದುರಿದ್ದಳು. ಅಧ್ಯಕ್ಷರು ಮೆಲ್ಲಗೆ ದಾಟಿಹೋಗಲು ನೋಡಿದರು.

"ಅಣ್ಣಾ," ಎಂದು ಕರೆದಳು. "ಒಂದೇ ಒಂದು ಮಾತು ಕೇಳ್ತೀನಿ. ನಾನು ನಿಮ್ಮ ಮನೆಗೆ ಬಂದು ಹೇಳಿದ್ನಲ್ಲ, ಬೇಡ ಅಂತ. ಅದು ನಿಮಗೆ ಮರೆತೋಗಿತ್ತಾ?"

ಮುಖ ನೋಡಿದ ಕೂಡಲೇ ಆಕೆಗೆ ಯಾವ ಉತ್ತರ ಬೇಕಾಗಿದೆ ಎಂಬುದು ಅವರಿಗೆ ಹೊಳೆಯಿತು. ಎದುರಿಗಿದ್ದವರಿಗೆ ಬೇಕಾದ ಉತ್ತರವನ್ನು ಕಣ್ಣಿನಿಂದ ಓದಿ ಕೊಡುವುದೇ ಅವರ ಜನ್ಮದ ಕಸುಬು.

"ಹೂಂನಮ್ಮ. ಮರೆತೋಯ್ತು. ಎಷ್ಟೊಂದು ಜನ ಬರ್ತಾರೆ ನೋಡು."

ಆಕೆ ತಲೆಯಾಡಿಸಿದಳು. "ಅದೇ ಅಂದ್ಕೊಂಡೆ. ನೀವು ಗೊತ್ತಿದ್ದೂ ಮಾಡೋರಲ್ಲ. ನಾನೇ ಇನ್ನೊಂದ್ಸಲ ಬಂದು ನೆನಪು ಮಾಡಬೇಕಿತ್ತು. ಅವರ ಕೈಗೆ ಲೈಸೆನ್ಸ್ ಬಂದ ದಿನವೇ ಬರೋಣ ಅಂದ್ಕೊಂಡೆ. ಮನೇಲಿ ಜಗಳ ಆಗುತ್ತೆ ಅಂತ ಸುಮ್ಮನಾದೆ." ಗೋಡೆಯನ್ನೇ ನೋಡುತ್ತ ಮತ್ತೆ ಹೇಳಿದಳು, "ನಾನು ಒಂದು ಹೆಜ್ಜೆ ಬಂದಿದ್ರೆ ಮೂರು ಜನ ಬದುಕ್ತಿದ್ರು."

ಅಧ್ಯಕ್ಷರು ಹಾಗಲ್ಲಮ್ಮ ಎಂದು ಬಾಯಿ ತೆರೆದರು. ಅದನ್ನು ಹೇಳಬೇಕಾದರೆ ಹಿಂದಿನ ಮಾತನ್ನು ವಾಪಸು ತೆಗೆದುಕೊಳ್ಳಬೇಕಿತ್ತು.

ಅವರು ನಾಲ್ಕು ದಿನ ವರಾಂಡಕ್ಕೆ ಬರಲಿಲ್ಲ. ಮೈ ಸರಿಯಿಲ್ಲ ಎಂದು ಪಿ.ಎ. ಜನರನ್ನು ಕಳಿಸಿದ. ವಿಚಾರಣೆಯ ದಿನ ಬೆಳಗ್ಗೆ ತಿಂಡಿಯ ತಟ್ಟೆಯನ್ನು ಮುಟ್ಟದೆ ಕೂತವರನ್ನು ಹೆಂಡತಿ ಎಷ್ಟೋ ಹೊತ್ತು ನೋಡಿದರು. ಮೂವತ್ತೈದು ವರ್ಷ ಸಂಸಾರ ಮಾಡಿದ ಹೆಂಗಸು, ಮುಚ್ಚುಮರೆ ನಡೆಯುತ್ತಿರಲಿಲ್ಲ.

"ಆವತ್ತು ಆ ಹೆಣ್ಣುಮಗಳು ಈ ಹೊಸ್ತಿಲಲ್ಲೇ ನಿಂತಿದ್ಲು," ಅಂದರು. "ನಾನೂ ಕೇಳಿಸ್ಕೊಂಡೆ."

"ಗೊತ್ತು."

"ಮರೆತಿದ್ರಾ?"

"ಇಲ್ಲ. ಆಸ್ಪತ್ರೇಲಿ ಅವಳಿಗೆ ಮರೆತೆ ಅಂದೆ. ಬೇಜಾರಾಗಬಾರದು ಅಂತ."

"ಯಾರಿಗೆ ಬೇಜಾರಾಗಬಾರದು ಅಂತ?"

ಹೆಂಡತಿ ತಟ್ಟೆ ಎತ್ತಿಕೊಂಡರು. "ನನಗೂ ಮದುವೆ ಆದಾಗಿಂದ ಆಯ್ತು ಆಯ್ತು ಅಂತಲೇ ಹೇಳಿಕೊಂಡು ಬಂದ್ರಿ. ನಾನು ಕೇಳೋದು ಬಿಟ್ಟು ಎಷ್ಟು ವರ್ಷ ಆಯ್ತು ಅಂತ ನಿಮಗೆ ಗೊತ್ತೂ ಇಲ್ಲ," ಎಂದು ಒಳಗೆ ಹೋದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎಷ್ಟೋ ವಾಸಿಯಾಗಿತ್ತು.

ವಿಚಾರಣೆ ನಡೆಯುತ್ತಿದ್ದುದು ಹಳೆಯ ಸರ್ಕಾರಿ ಕಟ್ಟಡದ ಎರಡನೆಯ ಮಹಡಿಯಲ್ಲಿ. ಒಂದು ಉದ್ದ ಮೇಜು, ಅದರ ತುದಿಯಲ್ಲಿ ನ್ಯಾಯಾಧೀಶರು, ಪಕ್ಕದಲ್ಲಿ ಟೈಪಿಸ್ಟು. ಗೋಡೆಗೆ ತಾಗಿದ ಬೆಂಚಿನಲ್ಲಿ ಇನ್‌ಸ್ಪೆಕ್ಟರ್ ಕೂತಿದ್ದಳು. ಸೆಖೆಗೆ ಬಾಗಿಲು ತೆರೆದೇ ಇಟ್ಟಿದ್ದರು. ಅಧ್ಯಕ್ಷರೂ ಪಿ.ಎ.ಯೂ ಹೊರಗಿನ ಕುರ್ಚಿಗಳಲ್ಲಿ ಕಾಯುತ್ತಿದ್ದಾಗ ಒಳಗೆ ಜೀಪಣ್ಣನ ಹೆಂಡತಿಯ ಹೇಳಿಕೆ ನಡೆಯುತ್ತಿತ್ತು. ಪ್ರತಿಯೊಂದು ಮಾತೂ ಸ್ಪಷ್ಟವಾಗಿ ಕೇಳಿಸುತ್ತಿತ್ತು.

"ಹೋಗಿ ಹೇಳಿದ್ದೆ ಸಾರ್. ಅವರು ಒಳ್ಳೇ ಮನುಷ್ಯರು, ಜನರ ಗಲಾಟೇಲಿ ಮರೆತುಬಿಟ್ರು. ನೆನಪು ಮಾಡದೇ ಇದ್ದಿದ್ದು ನಂದು ತಪ್ಪು. ಆ ಮೂರು ಜೀವ ಹೋಗಿದ್ದು ನನ್ನಿಂದ."

"ಹಾಗೆಲ್ಲ ಹೇಳೋದು ಬೇಡಮ್ಮ," ಅಂದರು ನ್ಯಾಯಾಧೀಶರು.

"ಇಲ್ಲ ಸಾರ್. ಬರ್ಕೊಳ್ಳಿ. ಬರೆದ್ರೆ ನನಗೆ ನಿದ್ದೆಯಾದ್ರೂ ಬರುತ್ತೇನೋ."

ಟೈಪಿಸ್ಟನ ಬೆರಳು ಟಪಟಪ ಓಡಿದ್ದು ಕೇಳಿಸಿತು. ಪಿ.ಎ. ಅಧ್ಯಕ್ಷರ ಮೊಣಕೈ ಮುಟ್ಟಿ, "ಕೇಳಿದ್ರಾ ಸಾರ್? ನೀವು ಮರೆತ್ರಿ ಅಂತ ಅವರೇ ಹೇಳ್ತಿದಾರೆ. ನಿಮ್ಮ ಕೆಲಸ ಹೂವೆತ್ತಿದಷ್ಟು ಸುಲಭ ಆಯ್ತು," ಎಂದು ಪಿಸುಗುಟ್ಟಿದ. ಅಧ್ಯಕ್ಷರು ಅವನ ಕೈಯನ್ನು ಸರಿಸಿದರು.

ಅವರನ್ನು ಕರೆದಾಗ ಆಕೆ ಇನ್ನೂ ಒಳಗೇ ಇದ್ದಳು. ಟೈಪಾದ ಹಾಳೆಗೆ ಸಹಿ ಹಾಕಲು ಮೇಜಿನ ಪಕ್ಕ ನಿಂತಿದ್ದಳು. ನ್ಯಾಯಾಧೀಶರು ಮರ್ಯಾದೆಯಿಂದ ಕುರ್ಚಿ ತೋರಿಸಿದರು.

"ಲೈಸೆನ್ಸ್ ಕೊಡೋದಕ್ಕೆ ಎರಡು ದಿನ ಮುಂಚೆ ನಿಮ್ಮ ಕಚೇರಿಯಿಂದ ಇನ್‌ಸ್ಪೆಕ್ಟರಿಗೆ ಒಂದು ಕರೆ ಹೋಗಿದೆ. ಎಂಟು ತಿಂಗಳ ಹಿಂದಿನ ಮಾತು. ಏನು ಮಾತಾಡಿದ್ರಿ ಅನ್ನೋದು ನೆನಪಿಲ್ಲದಿದ್ರೆ, ನೆನಪಿಲ್ಲ ಅಂತ ಹೇಳಬಹುದು."

ದಾರಿ ತೆರೆದೇ ಇತ್ತು. ಬಾಗಿಲಲ್ಲಿ ನಿಂತ ಪಿ.ಎ. ಕಣ್ಣಲ್ಲೇ ಅದನ್ನು ತೋರಿಸುತ್ತಿದ್ದ. ಅಧ್ಯಕ್ಷರು ಎರಡೂ ಕೈಗಳನ್ನು ಮೇಜಿನ ಮೇಲೆ ಒತ್ತಿ ಹಿಡಿದುಕೊಂಡರು.

"ನೆನಪಿದೆ. ಲೈಸೆನ್ಸ್ ಕೊಡಿ ಅಂತ ಹೇಳಿದೆ. ಅವರು ಆಗಲ್ಲ ಅಂದ್ರು, ಕಾಯಿಲೆ ಇದೆ ಅಂದ್ರು. ನಾನು ಮತ್ತೆ ಒತ್ತಾಯ ಮಾಡಿದೆ. ನನ್ನ ಮಾತು ಮೀರಿದ್ರೆ ಅವರಿಗೆ ಏನಾಗುತ್ತೆ ಅಂತ ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು."

ಬೆಂಚಿನ ಮೇಲೆ ಇನ್‌ಸ್ಪೆಕ್ಟರ್ ಕಣ್ಣುಮುಚ್ಚಿ ತಲೆ ಗೋಡೆಗಾನಿಸಿದಳು. ಪಿ.ಎ. ಜೇಬಿನಿಂದ ಫೋನ್ ತೆಗೆದು, ಮೆಟ್ಟಿಲಿನ ಕಡೆ ಬಿರಬಿರನೆ ಹೋದ. ಆ ಫೋನ್ ಯಾರಿಗೆ ಎಂದು ಅಧ್ಯಕ್ಷರಿಗೆ ಗೊತ್ತಿತ್ತು. ಸಂಜೆಯೊಳಗೆ ಪಟ್ಟಿಯಲ್ಲಿ ಅವರ ಜಾಗಕ್ಕೆ ಬೇರೆ ಹೆಸರು ಬರುತ್ತದೆ.

"ಇನ್ನೊಂದು ಮಾತಿದೆ," ಎಂದು ಅವರು ಜೀಪಣ್ಣನ ಹೆಂಡತಿಯ ಕಡೆ ತಿರುಗಿದರು. "ಅಮ್ಮಾ, ಆಸ್ಪತ್ರೇಲಿ ನಿನಗೆ ಸುಳ್ಳು ಹೇಳಿದೆ. ನಾನು ಮರೆತಿರಲಿಲ್ಲ. ಫೋನ್ ಎತ್ತಿದಾಗಲೂ ನೀನು ಬಂದು ಹೇಳಿದ್ದು ತಲೇಲಿ ಇತ್ತು. ಅವನಿಗೆ ಬೇರೆ ಕೆಲಸ ಕೊಡಿಸಬೇಕಂದ್ರೆ ನನಗಾಗದವನ ಹತ್ರ ಹೋಗಿ ಕೇಳಬೇಕಿತ್ತು, ಅದು ನನಗೆ ಕಷ್ಟ ಅನ್ನಿಸ್ತು. ಇದು ಸುಲಭ ಇತ್ತು, ಮಾಡಿದೆ."

ಟೈಪಿಸ್ಟು ಬೆರಳೆತ್ತಿ ನ್ಯಾಯಾಧೀಶರ ಮುಖ ನೋಡಿದ. ಅವರು ಬರೆದುಕೊಳ್ಳುವಂತೆ ಸನ್ನೆ ಮಾಡಿದರು.

ಆಕೆ ಅಳಲಿಲ್ಲ, ಬೈಯಲಿಲ್ಲ. ಹೇಳಿದ್ದು ಒಳಗಿಳಿಯುವವರೆಗೆ ಅವರನ್ನೇ ನೋಡುತ್ತಿದ್ದಳು.

"ನಾನು ಇನ್ನೊಂದ್ಸಲ ಬಂದು ಹೇಳಿದ್ರೆ?"

ಅಧ್ಯಕ್ಷರು ಇಲ್ಲ ಎಂದು ತಲೆಯಾಡಿಸಿದರು.

"ಹತ್ತು ಸಲ ಬಂದು ಹೇಳಿದ್ರೆ?"

"ಹತ್ತು ಸಲ ಬಂದಿದ್ರೂ ನಿನಗೆ ಆಯ್ತು ಅಂತಿದ್ದೆ," ಅಂದರು ಅಧ್ಯಕ್ಷರು. "ಅವನಿಗೆ ಲೈಸೆನ್ಸ್ ಕೊಡಿಸ್ತಿದ್ದೆ."

ಆಕೆ ಕೈಯಲ್ಲಿದ್ದ ಪೆನ್ನನ್ನು ಕೆಳಗಿಟ್ಟಳು. ಸಹಿ ಹಾಕಬೇಕಾಗಿದ್ದ ಹಾಳೆಯನ್ನು ಟೈಪಿಸ್ಟನ ಮುಂದೆ ತಳ್ಳಿದಳು.

"ಮೂರು ಜೀವ ನನ್ನಿಂದ ಹೋಯ್ತು ಅಂತ ಬರೆದಿದೀರಲ್ಲ, ಆ ಸಾಲು ಯಾವುದು?"

ಟೈಪಿಸ್ಟು ಬೆರಳಿಟ್ಟು ತೋರಿಸಿದ.

"ಅದನ್ನ ಹೊಡೆದುಹಾಕಿ."

ಅವನು ಮತ್ತೆ ನ್ಯಾಯಾಧೀಶರನ್ನು ನೋಡಿ, ಅಳತೆಪಟ್ಟಿ ಇಟ್ಟು ಆ ಸಾಲಿನ ಮೇಲೆ ಗೆರೆ ಎಳೆದ. ಆಕೆ ಬಗ್ಗಿ ನಿಂತು, ಗೆರೆ ಈ ತುದಿಯಿಂದ ಆ ತುದಿ ಮುಟ್ಟುವವರೆಗೂ ನೋಡಿದಳು. ಆಮೇಲೆ ಪೆನ್ನು ತೆಗೆದುಕೊಂಡು ಕೆಳಗೆ ತನ್ನ ಹೆಸರು ಬರೆದಳು.